ಬಾಂಧವ ಸಂಘದ ಹದಿನಾಲ್ಕನೆಯ ನಿಯಮ

ಜನವರಿ 8, 2006, ಭಾನುವಾರ

ಮದುವೆಯಾಗಿ ಇವತ್ತಿಗೆ ನಾಲ್ಕು ವಾರ! ನಾಲ್ಕು ವಾರದಲ್ಲಿ ತಿಳಿದದ್ದು ಒಂದೆರಡಲ್ಲ. ಗೌರವ್ ನಿದ್ದೆಯಲ್ಲಿ ನಗುತ್ತಾನೆ. ಕೋಲ್ಕತ್ತದಲ್ಲಿ ಸ್ವಲ್ಪ ಚಳಿ ಬಿದ್ದರೂ ಇಡೀ ಊರು ಮಂಗನ ಟೋಪಿ ಹಾಕಿಕೊಳ್ಳುತ್ತದೆ, ಗೌರವ್ ಹಾಕಿಕೊಂಡರೂ ಚೆನ್ನಾಗಿಯೇ ಕಾಣುತ್ತಾನೆ. ಅವನು ಚಹಾ ಮಾಡಿ ತಂದು ‘ಗುಡ್ ಮಾರ್ನಿಂಗ್ ಮೇಡಂ’ ಎಂದಾಗ ಈಗಲೂ ನನಗೆ ಕಿವಿ ಬಿಸಿಯಾಗುತ್ತದೆ.

ಇದನ್ನೆಲ್ಲ ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಮೈಸೂರಿನ ನಮ್ಮ ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನನ್ನ ಕನ್ನಡ ಅಕ್ಷರ ಇನ್ನೂ ಮೂರನೇ ಕ್ಲಾಸಿನ ಹುಡುಗಿಯದೇ. ಆದರೆ ಗೌರವ್ ಇಲ್ಲೇ ಹುಟ್ಟಿ ಬೆಳೆದವನು, ಕನ್ನಡ ಓದಲು ಬರುವುದಿಲ್ಲ. ಅವನ ಬಗ್ಗೆ ಅವನ ಎದುರಿಗೇ ಕೂತು ಬರೆಯಬಹುದು! ಮಾವ ಮತ್ತು ಅತ್ತೆಗೆ ಓದಲು ಬರುತ್ತದೆ, ಆದರೆ ಅವರು ಇನ್ನೊಬ್ಬರ ಪುಸ್ತಕ ಮುಟ್ಟುವವರಲ್ಲ.

ಮಾವನನ್ನು ಕಂಡರೆ ನನಗೆ ತುಂಬಾ ಇಷ್ಟ. ಶಾಂತಾರಾಮ ಐತಾಳರು, ಕುಂದಾಪುರದ ಕಡೆಯವರು. ನಲವತ್ತು ವರ್ಷದ ಹಿಂದೆ ಬ್ಯಾಂಕಿನ ಕೆಲಸಕ್ಕೆ ಈ ಊರಿಗೆ ಬಂದರು, ನಿವೃತ್ತಿಯಾದ ಮೇಲೂ ನಮ್ಮ ಈ ಬಡಾವಣೆ ಜಾದವ್‌ಪುರ ಬಿಡಲಿಲ್ಲ. ಕಾರಣ ಫುಟ್ಬಾಲ್. ಊರ ನಡುವಿನ ದೊಡ್ಡ ಮೈದಾನದಲ್ಲಿ ಅವರ ಕ್ಲಬ್ಬಿನ ಡೇರೆಯಿದೆ, ಇಲ್ಲಿ ಕ್ಲಬ್ಬಿನ ಕಟ್ಟಡಕ್ಕೆ ಡೇರೆ ಎಂದೇ ಹೆಸರು. ಹೆಸರು ಬಾಂಧವ ಸಂಘ, ನೀಲಿ-ಹಳದಿ ಬಣ್ಣ. ದಿನಾ ಸಂಜೆ ನಾಲ್ಕಕ್ಕೆ ಎಂಟು-ಬಿ ಸ್ಟ್ಯಾಂಡಿನಿಂದ ಬಸ್ಸು ಹಿಡಿದು ಹೊರಟರೆಂದರೆ ಮುಖ ಮದುಮಗನದು. ಅತ್ತೆ ಹೇಳುತ್ತಾರೆ, ‘ನನ್ನನ್ನು ನೋಡ್ಲಿಕ್ಕೆ ಬಂದಾಗ ಸಹ ಇಷ್ಟು ಚಂದ ತಲೆ ಬಾಚಿರಲಿಲ್ಲ ಮಾರಾಯ್ತಿ.’

ಜನವರಿ 15, ಭಾನುವಾರ

ನಿನ್ನೆ ಸಂಕ್ರಾಂತಿ. ನಮ್ಮ ಎಳ್ಳು-ಬೆಲ್ಲ, ಪಕ್ಕದ ಮನೆಯಿಂದ ಬಂದ ಪೀಠೆ ಎಂಬ ಅಕ್ಕಿಹಿಟ್ಟಿನ ಸಿಹಿ, ಜತೆಗೆ ಊಟದ ಮೇಜಿನಲ್ಲಿ ಮಹಾಯುದ್ಧ.

ಒಂದು ಸಿಮೆಂಟ್ ಕಂಪನಿ ಬಾಂಧವ ಸಂಘವನ್ನು ಕೊಳ್ಳಲು ಬಂದಿದೆ. ಕ್ಲಬ್ಬಿನ ಹೆಸರಿನ ಮುಂದೆ ಕಂಪನಿಯ ಹೆಸರು ಸೇರುತ್ತದೆ. ಇಲ್ಲಿಯವರೆಗೆ ಎಲ್ಲವೂ ಸದಸ್ಯರ ಓಟಿನಿಂದ ನಡೆಯುತ್ತಿತ್ತು, ಇನ್ನು ಕಂಪನಿಯ ಬೋರ್ಡು ಹೇಳಿದ ಹಾಗೆ.

ಗೌರವ್ ಎಂದ, ‘ಅಪ್ಪಾ, ಬಿ ಪ್ರಾಕ್ಟಿಕಲ್. ಪ್ಲೇಯರ್ಸ್‌ಗೆ ಬೂಟ್ಸ್ ಸರಿ ಇಲ್ಲ. ಕಂಪನಿ ಬಂದ್ರೆ ಫಾರಿನ್ ಕೋಚ್ ಬರ್ತಾನೆ, ಜಿಮ್ ಬರತ್ತೆ.’

ಮಾವ ಎಂದರು, ‘ಬರ್ಲಿ. ಆಮೇಲೆ ಅವರಿಗೆ ಬೇಜಾರು ಬಂದ ದಿವಸ ಬಾಗಿಲು ಹಾಕ್ತಾರೆ. ಆಗ ಎಲ್ಲಿಗೆ ಹೋಗುದು ನಾವು? ಸಿಮೆಂಟ್ ಗೋಡೌನಿಗಾ?’

‘ಓಟ್ ಹಾಕೋಕೆ ಬರೋದೇ ಮುನ್ನೂರು ಬುಡ್ಢಾಗಳು.’

‘ಹೌದು. ಮುನ್ನೂರು ಬುಡ್ಢಾಗಳಿಗೆ ಇರುದು ಅದೊಂದೇ ಮನೆ.’

ನಾನು ಯಾರ ಪಕ್ಷ? ಗೌರವ್ ಮಾತಾಡುವಾಗ ಅವನ ಪಕ್ಷ, ಮಾವ ಮಾತಾಡುವಾಗ ಮಾವನ ಪಕ್ಷ. ಮಾರಾಟಕ್ಕೆ ಓಡಾಡುತ್ತಿರುವವರು ಕ್ಲಬ್ಬಿನ ಕಾರ್ಯದರ್ಶಿ ಶ್ಯಾಮಸುಂದರ ದತ್ತ. ತಮಾಷೆಯೆಂದರೆ ಅವರೇ ಮಾವನ ಜೀವದ ಗೆಳೆಯ. ಮಾವ ಊರಿಗೆ ಹೊಸಬರಾಗಿದ್ದಾಗ ಟೈಫಾಯ್ಡ್ ಬಂದು ಮಲಗಿದ್ದರಂತೆ. ಆಗ ಒಂದು ತಿಂಗಳು ದತ್ತರ ತಾಯಿ ಗಂಜಿ ಕುಡಿಸಿದರಂತೆ.

ಮುಂದಿನ ಭಾನುವಾರ ಸದಸ್ಯರ ಸಭೆ. ಮಾವ ವಿರುದ್ಧ ಮಾತಾಡುತ್ತಾರೆ. ನಾನೂ ಹೋಗುತ್ತೇನೆ! ಮನೆಯವರು ಹಿಂದಿನ ಕುರ್ಚಿಗಳಲ್ಲಿ ಕೂರಬಹುದಂತೆ. ಮದುವೆಗೆ ಗೌರವ್ ಕೊಟ್ಟ ಕ್ಯಾಮೆರಾ ಫೋನಿನಲ್ಲಿ ಮಾವನ ಫೋಟೋ ಹಿಡಿಯಬೇಕು.

ಜನವರಿ 22, ಭಾನುವಾರ

ಸಭೆಯಿಂದ ಈಗಷ್ಟೇ ಬಂದೆವು.

ಮಾವ ಎದ್ದು ನಿಂತು ಬಂಗಾಳಿಯಲ್ಲಿ ಎರಡು ನಿಮಿಷ ಮಾತಾಡಿದರು. ಮೆತ್ತಗೆ, ಒಂದು ಕೆಟ್ಟ ಶಬ್ದವಿಲ್ಲದೆ. ಆಗ ವೇದಿಕೆಯಿಂದ ಶ್ಯಾಮಸುಂದರ ದತ್ತ ಮೈಕು ಎಳೆದುಕೊಂಡು ಹೇಳಿದ್ದನ್ನು ಗೌರವ್ ನನ್ನ ಕಿವಿಯಲ್ಲಿ ಕನ್ನಡ ಮಾಡಿ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದ. ಬೇಕಾಗಿರಲಿಲ್ಲ, ಆಫೀಸಿನಲ್ಲಿ ಕಲಿತ ಬಂಗಾಳಿಯಲ್ಲೇ ನನಗೆ ಅರ್ಥವಾಗಿತ್ತು.

‘ಶಾಂತಾರಾಮ್ ಬಾಬು, ನೀವು ಬ್ಯಾಂಕಿನ ಆರ್ಡರ್ ಹಿಡಿದುಕೊಂಡು ಈ ಊರಿಗೆ ಬಂದವರು. ಈ ಮೈದಾನಕ್ಕೆ ಹುಲ್ಲು ಹಾಕಿದ್ದು ನಮ್ಮಜ್ಜ. ಮನೆ ಮಾರಬೇಡ ಅಂತ ಬಾಡಿಗೆಯವನು ಮಾಲೀಕನಿಗೆ ಹೇಳುವುದುಂಟೇ?’

ಮುನ್ನೂರು ಜನ ನಕ್ಕರು. ಆ ನಗುವಿನಿಂದ ದತ್ತನಿಗೆ ಇನ್ನೂ ಹುರುಪು ಬಂತು. ಹಿಂದಿನ ಸಾಲಿನಲ್ಲಿದ್ದ ನನ್ನತ್ತ ಕೈ ತೋರಿಸಿ, ‘ಸೊಸೆಯನ್ನೂ ಕರೆತಂದಿದ್ದಾರೆ! ಬೌಮಾ, ಎಲ್ಲರಿಗೂ ಇಡ್ಲಿ ತಂದಿದ್ದೀಯಾ?’

ಬೌಮಾ ಎಂದರೆ ಬಂಗಾಳಿಯಲ್ಲಿ ಸೊಸೆ. ಮತ್ತೆ ನಗು. ಮಾವ ಕೂತರು. ಕೂರುವಾಗ ಕುರ್ಚಿಯ ಕೈ ಎಲ್ಲಿದೆ ಎಂದು ತಡಕಿದರು. ಆ ತಡಕಾಟ ನನ್ನ ಕಣ್ಣಿಂದ ಹೋಗುತ್ತಿಲ್ಲ.

ಸಭೆ ತೀರ್ಮಾನ ಮಾಡಲಿಲ್ಲ. ಅಂತಿಮ ಓಟು ಏಪ್ರಿಲ್‌ನಲ್ಲಂತೆ.

ಜನವರಿ 23, ಸೋಮವಾರ

ಮಾವ ಇವತ್ತು ನಾಲ್ಕು ಗಂಟೆಗೆ ಹೊರಡಲಿಲ್ಲವಂತೆ. ಶ್ಯಾಮಸುಂದರ ದತ್ತ, ನಿನ್ನನ್ನು ನಾನು ಬಿಡುವುದಿಲ್ಲ.

ಫೆಬ್ರವರಿ 11, ಶನಿವಾರ

ಮೂರು ವಾರದಿಂದ ಮಾವ ಮನೆಯಲ್ಲೇ ಇದ್ದಾರೆ. ನಾಲ್ಕು ಗಂಟೆಯಾದರೆ ತಲೆ ಬಾಚುತ್ತಾರೆ, ಬಾಲ್ಕನಿಯಲ್ಲಿ ಕೂರುತ್ತಾರೆ. ಅತ್ತೆ ಅವರಿಗೆ ಬೀನ್ಸ್ ನಾರು ತೆಗೆಯಲು ಕೊಡುತ್ತಾರೆ.

ಇವತ್ತು ನಾನೂ ಪಕ್ಕದಲ್ಲಿ ಕೂತು ಬೀನ್ಸ್ ಬಿಡಿಸಿದೆ. ಮಾತಿಗೆ ಮಾತು ಬಂತು. ಬಂಗಾಳಿಗಳ ಹೊಸ ವರ್ಷ ಪೊಯ್ಲಾ ಬೈಶಾಖದ ಬೆಳಿಗ್ಗೆ ಇಲ್ಲಿಯ ಕ್ಲಬ್ಬುಗಳಲ್ಲಿ ಗೋಲ್‌ಕಂಬಕ್ಕೆ ಪೂಜೆಯಂತೆ! ‘ಬಾರ್ ಪೂಜೆ’ ಎನ್ನುತ್ತಾರೆ. ಅಡ್ಡಪಟ್ಟಿಯನ್ನು ಕೆಳಗಿಳಿಸಿ, ಹೂವು-ಗಂಧ ಹಚ್ಚಿ, ಮಂತ್ರ ಹೇಳಿಸಿ ಮತ್ತೆ ಏರಿಸುತ್ತಾರೆ. ಅದೇ ದಿನ ಪ್ರತಿ ಸದಸ್ಯನೂ ಬಂದು ರಿಜಿಸ್ಟರಿನಲ್ಲಿ ಸಹಿ ಹಾಕಬೇಕು, ಹಾಕಿದರೆ ಆ ವರ್ಷದ ಸದಸ್ಯತ್ವ. ರಿಜಿಸ್ಟರ್ ಇಟ್ಟುಕೊಂಡು ಕೂರುವವರು ಮಾವ. ಬ್ಯಾಂಕಿನ ಮನುಷ್ಯ, ಅಕ್ಷರ ಚಂದ ಎಂದು.

‘ಶ್ಯಾಮ ಸೆಕ್ರೆಟರಿ ಆದ ವರ್ಷ ಎಂತ ಆಯ್ತು ಗೊತ್ತುಂಟಾ? ಪೂಜೆಯಲ್ಲಿ ಬಾರ್ ಹಿಡ್ಕೊಳ್ಳುದು ಅವನೇ. ಎರಡೂ ಕೈಗೆ ಗಂಧ, ಕುಂಕುಮ. ಪೆನ್ ಹಿಡೀಲಿಕ್ಕೆ ಆಗುದಿಲ್ಲ. ಶಾಂತ, ನೀನೇ ಒಂದು ಗೀಚಿಬಿಡು ಅಂದ. ಗೀಚಿದೆ. ಮರುವರ್ಷ ಸಹ ಹಾಗೇ. ಆಮೇಲೆ ಅದೇ ಶಾಸ್ತ್ರ ಆಯ್ತು. ನಾನು ಹಾಕದಿದ್ರೆ ತಂಡ ಸೋಲ್ತದೆ ಅಂತ ಅವನಿಗೆ. ಇಪ್ಪತ್ತೊಂದು ವರ್ಷ ಅವನ ಸಹಿ ನನ್ನ ಕೈಯಲ್ಲೇ.’

ಹೇಳಿ ನಕ್ಕರು. ಮೂರು ವಾರದಲ್ಲಿ ಮೊದಲ ನಗು. ‘ಅವನ ಬಾಯಿ ಕೆಟ್ಟದ್ದು ಮಗಾ. ಮನಸ್ಸಲ್ಲ.’

ನಾನು ನಗಲಿಲ್ಲ. ನಾನು ಸೆಕ್ಟರ್ ಫೈವಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ಮಾವನ ಕಪಾಟಿನಿಂದ ಕ್ಲಬ್ಬಿನ ನಿಯಮಗಳ ಪುಸ್ತಕ ತೆಗೆದು ಓದಿದೆ. ಬ್ರಿಟಿಷರ ಕಾಲದ ಇಂಗ್ಲಿಷ್, ನನ್ನ ಕಾನ್ವೆಂಟಿನ ಸಿಸ್ಟರುಗಳು ಮಾತಾಡುತ್ತಿದ್ದ ಹಾಗಿದೆ.

ಹದಿನಾಲ್ಕನೆಯ ನಿಯಮ: ಸದಸ್ಯನು ಹೊಸ ವರ್ಷದ ದಿನ ಸ್ವಹಸ್ತದಿಂದ ಸಹಿ ಹಾಕತಕ್ಕದ್ದು, ಹಾಕದವನ ಸದಸ್ಯತ್ವ ಅಂದಿಗೇ ರದ್ದು.

ಸದಸ್ಯನಲ್ಲದವನು ಕಾರ್ಯದರ್ಶಿ ಹೇಗಾಗುತ್ತಾನೆ? ಮಾಲೀಕನಂತೆ, ಮಾಲೀಕ!

ಹದಿನೈದನೆಯ ನಿಯಮವೂ ಇದೆ. ಇನ್ನೊಬ್ಬರ ಹೆಸರಿನಲ್ಲಿ ಸಹಿ ಹಾಕಿದವನನ್ನು ಶಾಶ್ವತವಾಗಿ ಹೊರಹಾಕತಕ್ಕದ್ದು. ಆದರೆ ಯಾರು ಹಾಕಿದರು ಎಂದು ಯಾರು ಕೇಳುತ್ತಾರೆ?

ಫೆಬ್ರವರಿ 26, ಭಾನುವಾರ

ಇವತ್ತು ಮನೆಗೇ ಬಂದಿದ್ದ! ಊಟವಾಗಿ ಮಾವ ಮಲಗಿದ್ದರು, ಅತ್ತೆಯೂ. ಗೌರವ್ ಕ್ಷೌರಕ್ಕೆ ಹೋಗಿದ್ದ. ಬಾಗಿಲು ತೆರೆದರೆ ಶ್ಯಾಮಸುಂದರ ದತ್ತ, ಕೈಯಲ್ಲಿ ಹೊಸ ಬೆಲ್ಲದ ‘ಸಂದೇಶ್’ ಸಿಹಿತಿಂಡಿಯ ಪೆಟ್ಟಿಗೆ. ವೇದಿಕೆಯ ಮೇಲೆ ಎಷ್ಟು ದೊಡ್ಡದಾಗಿ ಕಂಡಿದ್ದ, ಬಾಗಿಲಲ್ಲಿ ನನ್ನ ಭುಜಕ್ಕೆ ಬರುತ್ತಾನೆ.

‘ಬೌಮಾ, ಶಾಂತ ಇದ್ದಾನಾ?’

‘ಮಲಗಿದ್ದಾರೆ.’

‘ಕಾಯುತ್ತೇನೆ.’

‘ಬೇಡಿ. ನಿಮ್ಮ ಮುಖ ನೋಡುವುದಿಲ್ಲ ಅಂತ ಹೇಳಿದ್ದಾರೆ.’

ಮಾವ ಹಾಗೆ ಹೇಳಿರಲಿಲ್ಲ. ಆದರೆ ಹೇಳಬೇಕಿತ್ತು. ಮನುಷ್ಯ ಬಾಗಿಲ ಬಳಿಯ ಚಪ್ಪಲಿಗಳನ್ನು ನೋಡಿದ. ‘ನನ್ನ ನಾಲಿಗೆ…’ ಎಂದು ಶುರುಮಾಡಿ ನಿಲ್ಲಿಸಿದ. ಪೆಟ್ಟಿಗೆ ನನ್ನ ಕೈಗಿಟ್ಟು ಮೆಟ್ಟಿಲು ಇಳಿದ. ಒಂದೊಂದೇ ಮೆಟ್ಟಿಲು, ಗೋಡೆ ಹಿಡಿದುಕೊಂಡು. ನಾನು ಕೊನೆಯ ಮೆಟ್ಟಿಲಿನ ತನಕ ನಿಂತು ನೋಡಿದೆ. ಆಹಾ, ಎಂಥ ಮಧ್ಯಾಹ್ನ!

ಪೆಟ್ಟಿಗೆಯನ್ನು ಬ್ಯಾಗಿನಲ್ಲಿ ಬಚ್ಚಿಟ್ಟಿದ್ದೇನೆ. ನಾಳೆ ಆಫೀಸಿನಲ್ಲಿ ಹಂಚುವುದು. ಯಾರಿಗೂ ಹೇಳುವುದಿಲ್ಲ. ಕ್ಷಮೆ ಕೇಳಿಬಿಟ್ಟರೆ ಮಾವ ಕ್ಷಮಿಸಿಬಿಡುತ್ತಾರೆ. ಅವರ ಸ್ವಭಾವ ಗೊತ್ತಲ್ಲ.

ಮಾರ್ಚ್ 19, ಭಾನುವಾರ

ಆರ್ಕುಟ್‌ನಲ್ಲಿ ಬಾಂಧವ ಸಂಘದ ಅಭಿಮಾನಿಗಳ ಗುಂಪಿದೆ. ಎರಡು ಸಾವಿರ ಜನ! ಲಂಡನ್‌ನಲ್ಲಿ, ದುಬೈನಲ್ಲಿ ಕೂತವರೂ ಇದ್ದಾರೆ. ಕಂಪನಿ ಬರಲಿ, ಬೇಡ ಎಂದು ದಿನವಿಡೀ ಜಗಳ. ಒಬ್ಬ ಬರೆಯುತ್ತಾನೆ, ‘ಅಜ್ಜನ ಜರ್ಸಿ ಹಾಕಿಕೊಂಡು ಐ-ಪಾಡ್ ಕಾಲದಲ್ಲಿ ಆಡುತ್ತೀರಾ?’ ಇನ್ನೊಬ್ಬ, ‘ನಿನ್ನ ಅಪ್ಪನ ಹೆಸರಿನ ಮುಂದೆ ಸಿಮೆಂಟ್ ಎಂದು ಸೇರಿಸಿಕೋ.’ ಓದಲು ಮಜಾ. ನಾನು ‘ಕ್ರಾಸ್‌ಬಾರ್’ ಎಂಬ ಹೆಸರಿನಲ್ಲಿ ಸೇರಿಕೊಂಡಿದ್ದೇನೆ. ಈಗ ನನಗೆ ಆಫ್‌ಸೈಡ್ ಗೊತ್ತು, ಸದಸ್ಯರು ಎಷ್ಟು ಜನ ಗೊತ್ತು, ದತ್ತನ ಪರ ಯಾರು, ವಿರುದ್ಧ ಯಾರು ಗೊತ್ತು.

ಗೌರವ್ ನಿನ್ನೆ ಪಾರ್ಕ್ ಸ್ಟ್ರೀಟಿಗೆ ಊಟಕ್ಕೆ ಕರೆದಿದ್ದ. ಹೋಗಲಿಲ್ಲ, ಗುಂಪಿನಲ್ಲಿ ದೊಡ್ಡ ವಾದ ನಡೆಯುತ್ತಿತ್ತು. ‘ಶಾದಿ ಮುಝಸೇ ಕೀ ಹೈ ಯಾ ಕ್ಲಬ್ ಸೇ?’ ಎಂದು ನಕ್ಕ, ನಾನು ಮದುವೆಯಾದದ್ದು ಅವನನ್ನೋ ಕ್ಲಬ್ಬನ್ನೋ ಎಂದು. ಒಬ್ಬನೇ ಹೋಗಿ ಊಟ ಕಟ್ಟಿಸಿಕೊಂಡು ಬಂದ. ಒಳ್ಳೆಯ ಹುಡುಗ.

ಏಪ್ರಿಲ್ 15, ಶನಿವಾರ

ಪೊಯ್ಲಾ ಬೈಶಾಖ್. ಮಾವ ಹೋಗುವುದೇ ಇಲ್ಲವೆಂದು ಕೂತಿದ್ದರು. ನಾನೇ ಹಟ ಹಿಡಿದು ಹೊರಡಿಸಿದೆ. ‘ಸಹಿ ಹಾಕದಿದ್ದರೆ ನಿಮ್ಮ ಸದಸ್ಯತ್ವ ಹೋಗುತ್ತೆ ಮಾವ, ಓಟು ಹೋಗುತ್ತೆ’ ಎಂದೆ. ಬಿಳಿ ಪಂಚೆ ಉಟ್ಟರು. ಬಸ್ಸಿನಲ್ಲಿ ಇಡೀ ದಾರಿ ಕಿಟಕಿಯಿಂದ ಹೊರಗೇ ನೋಡುತ್ತಿದ್ದರು.

ಡೇರೆಯ ಮುಂದೆ ರಿಜಿಸ್ಟರಿನ ಮೇಜು, ಹಿಂದಿನ ಕುರ್ಚಿ ಖಾಲಿ. ಮಾವನಿಗೆಂದೇ ಬಿಟ್ಟಿದ್ದರು. ಅವರು ಹೋಗಿ ಕೂತರು. ಅತ್ತ ಹುಲ್ಲಿನ ಮೇಲೆ ಅಡ್ಡಪಟ್ಟಿ, ಗೊಂಡೆ ಹೂವಿನ ಹಾರ, ಪುರೋಹಿತರು, ಹೊಸ ಜರ್ಸಿಯ ಆಟಗಾರರು. ಪಟ್ಟಿಯ ಒಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತ ಶ್ಯಾಮಸುಂದರ ದತ್ತ. ಸೊರಗಿದ್ದಾನೆ.

ಸದಸ್ಯರು ಒಬ್ಬೊಬ್ಬರಾಗಿ ಬಂದು ಸಹಿ ಹಾಕಿದರು. ಮಾವ ತಮ್ಮದನ್ನೂ ಹಾಕಿದರು. ‘ದತ್ತ, ಶ್ಯಾಮಸುಂದರ’ ಎಂಬ ಹೆಸರಿನ ಮುಂದಿನ ಜಾಗ ಮಾತ್ರ ಖಾಲಿ. ಮಾವ ಅದನ್ನೇ ನೋಡುತ್ತಿದ್ದರು. ಆಮೇಲೆ ತಲೆ ಎತ್ತಿ ಪೂಜೆಯ ಕಡೆ ನೋಡಿದರು. ಅವನೂ ಇತ್ತ ನೋಡುತ್ತಿದ್ದ. ಮಾವ ಪೆನ್ನಿನ ಮುಚ್ಚಳ ತೆಗೆದು ಖಾಲಿ ಜಾಗದಲ್ಲಿ ಅವನ ಸಹಿ ಹಾಕಿದರು. ಅಲ್ಲಿ ಆ ಮನುಷ್ಯ ಕೈ ಬಿಡಲಾಗದೆ ಕಣ್ಣನ್ನು ಭುಜಕ್ಕೆ ಒರೆಸಿಕೊಂಡ.

ಮಾವ ನೀರು ಕುಡಿಯಲು ಎದ್ದರು. ನಾನು ಪಟ್ಟಿ ಹಿಡಿದು ಕೂತ ದತ್ತನ ಫೋಟೋ ಒಂದು, ಪುಟದ ಫೋಟೋ ಒಂದು ಹಿಡಿದೆ. ಇನ್ನೂ ಪೂಜೆ ಮುಗಿದಿಲ್ಲ, ಬಾರ್ ಏರಿಲ್ಲ, ಸಹಿ ಮಾತ್ರ ಬಿದ್ದಿದೆ! ಎರಡೂ ಫೋಟೋದಲ್ಲಿ ಸಮಯ ಅಚ್ಚಾಗಿದೆ. ಏಳು ಗಂಟೆ ಹತ್ತು ನಿಮಿಷ, ಏಳು ಗಂಟೆ ಹನ್ನೊಂದು ನಿಮಿಷ.

ಬರುವಾಗ ಬಸ್ಸಿನಲ್ಲಿ ಮಾವ ಏನೋ ಗುನುಗುತ್ತಿದ್ದರು. ‘ನಾಳೆಯಿಂದ ಸಂಜೆ ಹೋಗುವ ಅಂತ’ ಎಂದರು.

ಏಪ್ರಿಲ್ 17, ಸೋಮವಾರ

ಹಾಕಿದೆ. ಆರ್ಕುಟ್ ಗುಂಪಿನಲ್ಲಿ ಎರಡು ಫೋಟೋ ಅಕ್ಕಪಕ್ಕ, ಕೆಳಗೆ ಹದಿನಾಲ್ಕನೆಯ ನಿಯಮ. ಮಧ್ಯಾಹ್ನದ ಊಟದ ಹೊತ್ತಿಗೆ ನಾನೂರು ಉತ್ತರ. ‘ಕ್ರಾಸ್‌ಬಾರ್ ಜಿಂದಾಬಾದ್!’ ಯಾರೋ ಅದನ್ನು ಅಚ್ಚು ಮಾಡಿ ಡೇರೆಯ ಗೇಟಿಗೇ ಅಂಟಿಸಿದರಂತೆ.

ಮಾವ ನಿನ್ನೆ ಕ್ಲಬ್ಬಿಗೆ ಹೋಗಿದ್ದರು. ಇವತ್ತೂ ಹೋಗಿ ಬೇಗ ಬಂದರು. ನಾನು ಏನೂ ಕೇಳಲಿಲ್ಲ. ನಗು ತಡೆಯುವುದೇ ಕಷ್ಟವಾಗಿತ್ತು.

ಏಪ್ರಿಲ್ 23, ಭಾನುವಾರ

ನಾನು ಗೆದ್ದೆ. ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ಇವತ್ತು ಅಂತಿಮ ಓಟಿನ ಸಭೆಯಲ್ಲಿ ಕ್ಲಬ್ಬಿನ ಅಧ್ಯಕ್ಷರು, ಒಬ್ಬ ಮುದಿ ವಕೀಲರು, ಹದಿನಾಲ್ಕನೆಯ ನಿಯಮ ಓದಿದರು. ಶ್ಯಾಮಸುಂದರ ದತ್ತನ ಸದಸ್ಯತ್ವ ರದ್ದು. ಅವನು ಕಾರ್ಯದರ್ಶಿಯೇ ಅಲ್ಲದ ಮೇಲೆ ಕಂಪನಿಯ ಜತೆ ಮಾಡಿದ ಮಾತುಕತೆಯೂ ರದ್ದು. ಹಿಂದಿನ ಸಾಲಿನಲ್ಲಿ ನಾನು ಚಪ್ಪಾಳೆ ತಟ್ಟಿದೆ, ಸುಮಾರು ಜನ ತಟ್ಟಿದರು. ಅವನು ಎದ್ದು ನಿಂತಿದ್ದ, ಕೈ ಎಲ್ಲಿಡುವುದು ಎಂದು ತಿಳಿಯದೆ. ಈ ಕ್ಷಣಕ್ಕಾಗಿ ಮೂರು ತಿಂಗಳು ಕಾದಿದ್ದೆ. ಕಣ್ಣು ತುಂಬ ನೋಡಿದೆ.

ಆಗ ಅಧ್ಯಕ್ಷರು ಪುಟ ತಿರುವಿದರು. ‘ಹದಿನೈದನೆಯ ನಿಯಮ. ಈ ಸಹಿ ಹಾಕಿದವರು ಯಾರು?’

ದತ್ತ ತಕ್ಷಣ ಎಂದ, ‘ನಾನೇ. ಪೂಜೆ ಮುಗಿದ ಮೇಲೆ ಹಾಕಿದೆ. ಫೋಟೋ ಸುಳ್ಳು.’

ಮಾವ ಎದ್ದರು. ನಾನು ಅವರ ತೋಳು ಹಿಡಿಯಲು ಹೋದೆ, ಆದರೆ ಎರಡು ಸಾಲು ಮುಂದಿದ್ದರು.

‘ಶ್ಯಾಮ್, ಕೂತ್ಕೋ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಜನರ ಸಹಿ ಸರಿಯಾ ತಪ್ಪಾ ಎಂದು ನೋಡಿದವನು ನಾನು. ಸಹಿಯ ವಿಷಯದಲ್ಲಿ ಸುಳ್ಳು ಬೇಡ.’ ಅಧ್ಯಕ್ಷರ ಕಡೆ ತಿರುಗಿದರು. ‘ನಾನು ಹಾಕಿದ್ದು. ಈ ವರ್ಷ ಮಾತ್ರ ಅಲ್ಲ. ಹಿಂದಿನ ಇಪ್ಪತ್ತೊಂದು ವರ್ಷ ಸಹ.’

ಈ ಸಲ ಯಾರೂ ನಗಲಿಲ್ಲ. ದತ್ತ ‘ಶಾಂತ, ಶಾಂತ’ ಎನ್ನುತ್ತಿದ್ದ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು, ಆದರೂ ನಿಯಮ ನಿಯಮವೇ ಎಂದರು. ಮಾವನ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು. ಶಾಶ್ವತವಾಗಿ.

ನಾನು ಎದ್ದು ಕೂಗಬೇಕೆಂದಿದ್ದೆ. ಗೌರವ್ ನನ್ನ ಮಣಿಕಟ್ಟು ಹಿಡಿದಿದ್ದ, ನೋಯುವಷ್ಟು. ಮನೆಗೆ ಬಂದ ಮೇಲೂ ಅವನು ಮಾತಾಡಲಿಲ್ಲ.

ಮಾವ ಮಾತಾಡಿದರು. ಪಂಚೆ ಮಡಚಿಡುತ್ತ ಹೇಳಿದರು, ‘ನಿನ್ನ ಫೋನಿನ ಪಟ ಚಂದ ಬಂದಿತ್ತು ಮಗಾ. ಅಕ್ಷರ ಎಲ್ಲ ಓದ್ಲಿಕ್ಕೆ ಆಗ್ತಿತ್ತು.’

ಏಪ್ರಿಲ್ 30, ಭಾನುವಾರ

ಕಂಪನಿ ಹಿಂದೆ ಸರಿದಿದೆ! ಕ್ಲಬ್ ಸದಸ್ಯರ ಕೈಯಲ್ಲೇ ಉಳಿಯಿತು. ಮಾವನಿಗೆ ಬೇಕಾಗಿದ್ದದ್ದು ಇದೇ ಅಲ್ಲವೇ? ಆರ್ಕುಟ್‌ನಲ್ಲಿ ಕ್ರಾಸ್‌ಬಾರ್ ಯಾರೆಂದು ಎಲ್ಲರೂ ಹುಡುಕುತ್ತಿದ್ದಾರೆ. ಹೇಳಿಬಿಡಲೇ ಎನ್ನಿಸುತ್ತದೆ.

ಶ್ಯಾಮಸುಂದರ ದತ್ತ ಮತ್ತೆ ಬಂದಿದ್ದ. ಈ ಸಲ ಮಾವನೇ ಬಾಗಿಲು ತೆಗೆದರು. ಬಾಲ್ಕನಿಯಲ್ಲಿ ಇಬ್ಬರೂ ಎರಡು ಗಂಟೆ ಕೂತಿದ್ದರು. ಆಮೇಲೆ ಅಡುಗೆಮನೆಯಲ್ಲಿ ಅತ್ತೆ ಕೇಳಿದರು, ‘ಅವರು ಫೆಬ್ರವರಿಯಲ್ಲೇ ಬಂದಿದ್ರಂತೆ. ನೀನು ಹೇಳಲೇ ಇಲ್ಲ?’

‘ಮರೆತುಹೋಯ್ತು ಅತ್ತೆ.’

‘ಹೂಂ’ ಎಂದರು. ನಾನು ಕಾಯಿ ತುರಿಯುತ್ತಿದ್ದೆ. ಮಣೆಯನ್ನು ನನ್ನ ಮುಂದಿನಿಂದ ತಮ್ಮ ಕಡೆ ಎಳೆದುಕೊಂಡು ತಾವೇ ತುರಿದರು. ನಾನು ಆಫೀಸಿನಿಂದ ದಣಿದಿರುತ್ತೇನೆ ಎಂದು ಅವರಿಗೆ ಕನಿಕರ. ಇವತ್ತು ಭಾನುವಾರವಾದರೂ.

ಗೌರವ್ ಗೋಡೆಯ ಕಡೆ ತಿರುಗಿ ಮಲಗುತ್ತಾನೆ. ಅವನ ಪ್ರಾಜೆಕ್ಟಿನಲ್ಲಿ ಒತ್ತಡ ಇರಬೇಕು.

ಈಗ ನನಗೆ ಸಿಟ್ಟಿರುವುದು ಆ ಅಧ್ಯಕ್ಷನ ಮೇಲೆ. ಮಾವನ ಹೆಸರಿನ ಮೇಲೆ ಗೆರೆ ಎಳೆಯಲು ಅವನ್ಯಾರು? ಅಂಥವನೂ ಎಲ್ಲೋ ಒಂದು ನಿಯಮ ಮುರಿದಿರಲೇಬೇಕು. ಪುಸ್ತಕದಲ್ಲಿ ಇನ್ನೂ ನಲವತ್ತೊಂದು ನಿಯಮಗಳಿವೆ.

ಜುಲೈ 2, ಭಾನುವಾರ

ಬಹಳ ದಿನದಿಂದ ಬರೆದಿರಲಿಲ್ಲ. ವಿಶ್ವಕಪ್ಪಿನ ಗದ್ದಲದಲ್ಲಿ ನಮ್ಮ ಬೀದಿಯೆಲ್ಲ ಬ್ರೆಜಿಲ್, ಅರ್ಜೆಂಟೀನಾ ಬಾವುಟ. ಇವತ್ತು ಲೀಗಿನಲ್ಲಿ ಬಾಂಧವ ಸಂಘದ ಮೊದಲ ಆಟ.

ಟಿಕೆಟ್ ಕೊಂಡರೆ ಯಾರು ಬೇಕಾದರೂ ಒಳಗೆ ಹೋಗಬಹುದು. ತಂದುಕೊಡುತ್ತೇನೆ ಎಂದಿದ್ದೆ. ಮಾವ, ‘ಮನೆಯೊಳಗೆ ಟಿಕೆಟ್ ತೆಗೊಂಡು ಹೋಗುದುಂಟಾ?’ ಎಂದು ದತ್ತನ ಜತೆ ಎರಡಕ್ಕೇ ಹೊರಟುಬಿಟ್ಟರು. ಮೈದಾನದ ಅಂಚಿನಲ್ಲಿರುವ ಬ್ರಿಟಿಷರ ಕಾಲದ ಕೋಟೆಯ ಪಕ್ಕದ ಹುಲ್ಲಿನ ದಿಬ್ಬಕ್ಕೆ. ಟಿಕೆಟ್ ಇಲ್ಲದವರು ಅಲ್ಲಿ ನಿಂತು ನೋಡುತ್ತಾರೆ.

ಅವರನ್ನು ಖುಷಿಪಡಿಸೋಣ ಎಂದು ನಾನು ಅವಲಕ್ಕಿ, ಚಹಾ ಕಟ್ಟಿಕೊಂಡು ಹಿಂದೆಯೇ ಹೋದೆ. ಜಿನುಗು ಮಳೆ. ಒಂದೇ ಕೊಡೆಯ ಕೆಳಗೆ ಇಬ್ಬರೂ ನಿಂತಿದ್ದರು. ಅಲ್ಲಿಂದ ಒಂದು ಗೋಲ್ ಮಾತ್ರ ಕಾಣುತ್ತದೆ, ಇನ್ನೊಂದಕ್ಕೆ ಮರಗಳು ಅಡ್ಡ. ಮರದ ಕಡೆ ಚೆಂಡು ಹೋದಾಗ ಜನರ ಕೂಗು ಕೇಳಿ ಏನಾಯಿತೆಂದು ಊಹಿಸಬೇಕು.

ದೊಡ್ಡ ಕೂಗೊಂದು ಎದ್ದಿತು. ‘ಗೋಲ್!’ ಎಂದ ದತ್ತ. ‘ಅಲ್ಲ ಮಾರಾಯ, ಬಾರಿಗೆ ತಾಗಿತು. ಗೋಲಿನ ಸದ್ದು ಹೀಗಲ್ಲ’ ಎಂದರು ಮಾವ, ಕನ್ನಡದಲ್ಲೇ. ಅವನಿಗೆ ಹೇಗೋ ಅರ್ಥವಾಯಿತು. ಇಬ್ಬರೂ ಜಗಳವಾಡಿದರು, ನಕ್ಕರು, ಕೊಡೆ ಓರೆಯಾಗಿ ಇಬ್ಬರ ಹೆಗಲೂ ಒದ್ದೆಯಾಯಿತು.

ನಾನು ಹತ್ತು ಹೆಜ್ಜೆ ಹಿಂದೆ ನಿಂತಿದ್ದೆ. ಒಂದು ಸಲ ಮಾವ ತಿರುಗಿದರು. ನನ್ನನ್ನು ನೋಡಿದರು ಎಂದೇ ನನ್ನ ಭಾವನೆ. ಆಮೇಲೆ ಮತ್ತೆ ಆಟದ ಕಡೆ ತಿರುಗಿ ಕೊಡೆ ಸರಿಮಾಡಿಕೊಂಡರು. ಮಳೆಯಲ್ಲಿ ಕನ್ನಡಕ ಮಂಜಾಗಿದ್ದಿರಬೇಕು.

ಅರ್ಧ ಆಟದ ತನಕ ಕಾದೆ. ಚಹಾ ಆರಿತ್ತು. ಬಸ್ಸು ಹಿಡಿದೆ.

ಗೌರವ್ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, ‘ಏನಾಯ್ತು?’ ಎಂದ.

‘ಗೆದ್ದೆವು’ ಎಂದೆ.

ಎಷ್ಟು ಗೋಲು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಏನು ಹೇಳಬೇಕೆಂದು ನನಗೆ ಗೊತ್ತಿರಲಿಲ್ಲ.